ಬಲಗಿವಿಗೆ ಪೂರ್ತಿ ಹಾಡು

ನನಗೆ ಎಡಗಿವಿ ಕೇಳಿಸುವುದಿಲ್ಲ. ಈ ಮೂರು ಶಬ್ದಗಳನ್ನು ಹೊರಗಿನವರೊಬ್ಬರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ನಲವತ್ತೆರಡು ವರ್ಷ ವಯಸ್ಸಾಗಬೇಕಾಯಿತು.

ಎರಡನೆಯ ತರಗತಿಯಲ್ಲಿದ್ದಾಗ ಗಲ್ಲ ಊದಿಕೊಂಡು ಜ್ವರ ಬಂದಿತ್ತು. ಹೋಗುವಾಗ ಅದು ಒಂದು ಕಿವಿಯನ್ನೂ ತೆಗೆದುಕೊಂಡು ಹೋಯಿತು. ಅವ್ವ ಹೇಳಿದ್ದು ಒಂದೇ ಮಾತು: "ಯಾರ ಮುಂದೂ ಅನಬ್ಯಾಡ." ನಾನು ಅನ್ನಲಿಲ್ಲ. ಯಾರ ಜತೆ ನಡೆದರೂ ಅವರನ್ನು ಬಲಕ್ಕೆ ಇಟ್ಟುಕೊಳ್ಳುವುದು, ಕೇಳಿಸದ ಮಾತಿಗೆ ಸಣ್ಣಗೆ ನಗುವುದು, ಇವೆಲ್ಲ ತಾನಾಗಿಯೇ ಬಂದವು. ಮದುವೆಯಾದ ಎಂಟು ದಿನಕ್ಕೆ ಗಂಡನಿಗೆ ಗೊತ್ತಾಯಿತು, ತಿಂಗಳಿಗೆ ಅತ್ತೆಗೆ. "ಮುಚ್ಚಿಟ್ಟು ಕೊಟ್ಟಾರ" ಎಂದು ಅತ್ತೆ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಅದೇ ಗುಟ್ಟನ್ನು ಅವ್ವನಿಗಿಂತ ಬಿಗಿಯಾಗಿ ಅವರೇ ಕಾಯತೊಡಗಿದರು.

ನಾನು ಕಮಲಾಪುರದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಮನೆ ಕಲಬುರಗಿಯ ಕುಸನೂರಿನಲ್ಲಿ. ಹೋಗಲು ಒಂದು ತಾಸು, ಬರಲು ಒಂದು ತಾಸು ಬಸ್ಸು. ಆ ಎರಡು ತಾಸು ಮಾತ್ರ ನನ್ನವು. ಬಸ್ಸಿನ ಎಡಗಡೆಯ ಕಿಟಕಿ ಹಿಡಿದು ಕೂತರೆ ಕೇಳದ ಕಿವಿ ಹೊಲಗಳ ಕಡೆ ಇರುತ್ತದೆ, ಕೇಳುವ ಕಿವಿಗೆ ಇಯರ್‌ಫೋನು. ಎಡಗಿವಿಯದು ಎದೆಯ ಮೇಲೆ ಸುಮ್ಮನೆ ಜೋತಾಡುತ್ತಿತ್ತು. ನಾಲ್ಕು ವರ್ಷ ಹಾಗೆಯೇ ಹಾಡು ಕೇಳಿದೆ.

ನಮ್ಮ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಫಾರ್ಮಸಿಸ್ಟ್ ನನಗಿಂತ ಚಿಕ್ಕವನು. ಅವನ ಮನೆ ಕಲಬುರಗಿಯದೇ ರೋಜಾ ಬಡಾವಣೆಯಲ್ಲಿ. ಅವರ ಅಜ್ಜನ ಕಾಲದಿಂದ ಮನೆಯಲ್ಲಿ ಗಜಲ್‌ಗಳ ಹುಚ್ಚು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ನನಗೆ ಬಾಯಿಪಾಠವಾಗಿದ್ದ ಹಳೆಯ ಗಜಲ್ ಒಂದರ ಮಾತು ಬಂತು.

"ಅದರಾಗ ಸಾರಂಗಿ ಬಾರಿಸಿದಾಂವ ಏನು ಬಾರಿಸ್ಯಾನ್ರಿ ಅಕ್ಕಾರ. ಜಾನ್ ತೆಗೀತಾನ" ಎಂದ.

"ಅದರಾಗ ಸಾರಂಗಿ ಎಲ್ಲದ? ಬರೇ ಹಾರ್ಮೋನಿಯಂ ಅದ, ತಬಲಾ ಅದ."

"ಅದ ರೀ."

"ನಾ ದಿನಾ ಕೇಳ್ತೀನಪಾ. ಇಲ್ಲ."

ಅವನು ವಾದ ಮಾಡದೆ ಫೋನು ತೆಗೆದು, ಇಯರ್‌ಫೋನಿಲ್ಲದೆ, ಆ ಹಾಡನ್ನು ಹಚ್ಚಿ ಮೇಜಿನ ಮೇಲಿಟ್ಟ. ಮೊದಲ ಸಾಲು ಮುಗಿಯುತ್ತಿದ್ದಂತೆ ಸಾರಂಗಿ ಬಂತು. ಹಾಡುವವನ ಹಿಂದೆಯೇ, ಅವನು ಬಿಟ್ಟ ಉಸಿರನ್ನು ಎತ್ತಿಕೊಂಡಂತೆ. "ಇದು ಬ್ಯಾರೆ ರೆಕಾರ್ಡಿಂಗ್ ಇರಬೇಕು" ಎಂದೆ. ಅವನು ನಕ್ಕು ಫೋನು ಜೇಬಿಗಿಟ್ಟ. ನನ್ನ ರೊಟ್ಟಿ ಅರ್ಧ ಹಾಗೇ ಉಳಿಯಿತು.

ಲ್ಯಾಬಿಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಇಯರ್‌ಫೋನಿನ ಎಡಗಡೆಯದನ್ನು, ಈವರೆಗೆ ಒಮ್ಮೆಯೂ ಹಾಕಿಕೊಳ್ಳದಿದ್ದುದನ್ನು, ಬಲಗಿವಿಗೆ ಇಟ್ಟುಕೊಂಡೆ. ಸಾರಂಗಿ ಅಲ್ಲಿತ್ತು. ನಾಲ್ಕು ವರ್ಷ ನನ್ನ ಎದೆಯ ಮೇಲೆಯೇ ನುಡಿಯುತ್ತಿತ್ತು. ಆದರೆ ಈಗ ಹಾರ್ಮೋನಿಯಂ ಹೋಗಿತ್ತು. ಹಾಡನ್ನು ಎಡಗಿವಿಗೊಂದು ಪಾಲು, ಬಲಗಿವಿಗೊಂದು ಪಾಲು ಎಂದು ಹಂಚಿಟ್ಟಿದ್ದರು. ಒಂದನ್ನು ಕೇಳಬೇಕಾದರೆ ಇನ್ನೊಂದನ್ನು ಬಿಡಬೇಕು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮಾತು ಅರ್ಧ ಕೇಳಿಸಿದರೆ ನಕ್ಕು ಸಾಗಿಸುತ್ತಿದ್ದೆ, ಅದಕ್ಕೆ ಒಗ್ಗಿಹೋಗಿದ್ದೆ. ಹಾಡು ಮಾತ್ರ ನನಗೆ ಪೂರ್ತಿ ಸಿಗುತ್ತದೆ ಎಂದು ನಂಬಿದ್ದೆ.

ಆ ಶನಿವಾರ ಸಂಜೆ ಬಸ್ಸಿಳಿದವಳೇ ಜಗತ್ ಸರ್ಕಲ್ಲಿನ ಮೊಬೈಲ್ ಅಂಗಡಿಗಳ ಕಡೆಗೆ ಹೋದೆ. ಮೊದಲ ಅಂಗಡಿಯಲ್ಲಿ ಬಾಯಿಗೆ ಹಳೆಯ ಸುಳ್ಳೇ ಬಂತು. "ನಮ್ಮ ತಮ್ಮಗ ಇಯರ್‌ಫೋನ್ ಬೇಕಾಗಿತ್ತು. ಅವಗ ಒಂದು ಕಿವಿ ಕೇಳಸಂಗಿಲ್ಲ."

ಅಂಗಡಿಯವನು ಕ್ಷಣವೂ ಯೋಚಿಸಲಿಲ್ಲ. ಒಂದೇ ಕಿವಿಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ತೆಗೆದಿಟ್ಟ. "ಒಂದ ಕಿವಿ ಅಂದ್ರ ಒಂದ ಸಾಕಲ್ರಿ. ಎರಡು ಕೊಟ್ಟು ಏನು ಮಾಡ್ತೀರಿ? ಫೋನ್‌ನಾಗ ಮಾತಾಡಾಕ ಮಸ್ತ್ ಆಗ್ತದ."

"ಮಾತಾಡಾಕಲ್ಲ. ಹಾಡು ಕೇಳಾಕ."

"ಒಂದು ಕಿವಿಯವರಿಗೆ ಹಾಡಿಂದೇನ್ರಿ" ಎಂದು ಅವನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದ. ಕೆಟ್ಟ ಮನುಷ್ಯನೇನಲ್ಲ. ಸಹಜವಾಗಿ ಅಂದುಬಿಟ್ಟ. ಇಲ್ಲದ ತಮ್ಮನ ಪರವಾಗಿ ನಾನು ಆ ಮಾತನ್ನು ನುಂಗಿಕೊಂಡು ಹೊರಬಂದೆ. ರಸ್ತೆಗೆ ಇಳಿದ ಮೇಲೆ, ಹೇಳಬೇಕಾಗಿದ್ದ ಉತ್ತರವೆಲ್ಲ ಒಂದೊಂದಾಗಿ ಹೊಳೆಯಿತು. ಇನ್ನು ಮುಂದಿನ ಅಂಗಡಿಯಲ್ಲಿ ತಮ್ಮ ಬೇಡ ಎಂದುಕೊಂಡೆ.

ನಾಲ್ಕು ಅಂಗಡಿ ದಾಟಿ ಇನ್ನೊಂದಿತ್ತು. ಮಾಲೀಕರು ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಕೌಂಟರಿನ ಮುಂದೆ ಇನ್ನೂ ಮೂರು ಮಂದಿ ಇದ್ದರು. ಅವರಿಗೂ ಕೇಳುವಂತೆಯೇ ಹೇಳಿದೆ: "ನನಗ ಎಡಗಿವಿ ಕೇಳಸಂಗಿಲ್ರಿ. ಎರಡೂ ಕಡಿ ಹಾಡು ಬಲಗಿವಿಗೇ ಬರಬೇಕು. ಅಂಥಾದ್ದು ತೋರಸ್ರಿ."

ಮೂವರೂ ತಿರುಗಿ ನೋಡಿದರು. ನೋಡಲಿ ಎಂದು ನಿಂತೆ.

ಮಾಲೀಕರು ನನ್ನ ಫೋನು ಕೇಳಿದರು. ಸೆಟ್ಟಿಂಗ್ಸ್ ಒಳಗೆ, ಕಣ್ಣು ಕಿವಿ ಕೈಕಾಲುಗಳ ತೊಂದರೆ ಇದ್ದವರಿಗೆಂದೇ ಇಟ್ಟಿರುವ ಜಾಗಕ್ಕೆ ಹೋಗಿ ಮೋನೋ ಎಂಬುದೊಂದನ್ನು ಒತ್ತಿದರು. "ಇದಕ್ಕ ನೀವು ಏನೂ ಖರೀದಿ ಮಾಡೋದು ಬೇಕಾಗಿಲ್ಲ ಅವ್ವಾರ. ಎರಡೂ ಕಡಿ ಆವಾಜ್ ಕೂಡಿಸಿ ಕೊಡ್ತದ. ಕೇಳ್ರಿ." ನನ್ನ ಹಳೆಯ ಇಯರ್‌ಫೋನಿನಲ್ಲೇ ಕೇಳಿದೆ. ಹಾರ್ಮೋನಿಯಂ ಇತ್ತು, ಸಾರಂಗಿಯೂ ಇತ್ತು. ಹಾಡು ಮುಗಿಯುವ ತನಕ ಅವರು ಬೇರೆ ಗಿರಾಕಿಗಳನ್ನು ನೋಡಿಕೊಂಡರು, ನನ್ನನ್ನು ಕರೆಯಲಿಲ್ಲ.

ಅಷ್ಟಕ್ಕೇ ಮನೆಗೆ ಹೋಗಬಹುದಿತ್ತು, ಆದರೆ ನಾನು ಹೋಗಲಿಲ್ಲ. "ಈಗ ಛಲೋ ಹೆಡ್‌ಫೋನ್ ತೋರಸ್ರಿ. ಎರಡೂ ಕಿವಿ ಮುಚ್ಚೋವು" ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ ಡಬ್ಬಿಗಳನ್ನು ಇಳಿಸತೊಡಗಿದರು.

ಒಂದು ತಾಸು ಆರಿಸಿದೆ. ಮೊದಲಿನದು ನನ್ನ ಕನ್ನಡಕದ ಕಡ್ಡಿಯನ್ನು ತಲೆಗೆ ಒತ್ತಿತು. ಎರಡನೆಯದರ ರೆಕ್ಸಿನ್ ಮೆತ್ತೆ ನಮ್ಮ ಬಿಸಿಲಿಗೆ ಬೆವರಿ ಅಂಟಿಕೊಳ್ಳುವಂಥದ್ದು. ಇನ್ನೊಂದರಲ್ಲಿ ತಬಲಾದ ಡಗ್ಗಾ ಎಷ್ಟು ಗುಮ್ಮೆನ್ನುತ್ತಿತ್ತೆಂದರೆ ಹಾಡುವವನ ದನಿಯೇ ಅದರ ಕೆಳಗೆ ಸಿಕ್ಕಿಕೊಂಡಿತ್ತು. ಕಿವಿಬಟ್ಟಲಿನ ಹೊರಬದಿಗೆ ಜಾಲರಿ ಇದ್ದದ್ದೊಂದು ಬಹಳ ಚೆನ್ನಾಗಿತ್ತು, ಗಾಳಿಯಲ್ಲಿ ಕೂತು ಕೇಳಿದ ಹಾಗೆ. ಆದರೆ ಜಗತ್ತಿನ ಹಾರ್ನುಗಳೆಲ್ಲ ಒಳಗೆ ಬಂದವು. ಬಸ್ಸಿನಲ್ಲಿ ಅದು ನಡೆಯದು. ಕೊನೆಗೆ ಬಟ್ಟೆಯ ಮೆತ್ತೆಯ, ವೈರಿನ, ಕಿವಿಯನ್ನು ಪೂರ್ತಿ ಮುಚ್ಚುವ ಒಂದನ್ನು ಹಿಡಿದೆ. ಹೊರಗಿನ ಗದ್ದಲ ತಡೆಯುವುದರಿಂದ ದನಿ ಸಣ್ಣಗಿಟ್ಟರೂ ಎಲ್ಲ ಕೇಳಿಸುತ್ತಿತ್ತು. ಎಡಗಿವಿಗೆ ಅದು ಬರೀ ಬೆಚ್ಚಗಿತ್ತು, ಅಷ್ಟೇ. ಇರಲಿ. ಕಿವಿ ಕೇಳದಿದ್ದರೂ ಅದು ನನ್ನದೇ.

ಮನೆಯಲ್ಲಿ ಡಬ್ಬಿ ಬಿಚ್ಚುವುದನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಇದ್ದದ್ದು ಒಂದ ಕಿವಿ. ಅದನ್ನೂ ಮುಚ್ಚಿಕೊಂಡು ಕೂತ್ರ ಹಿಂದಿಂದ ಲಾರಿ ಬಂದ್ರ ಹ್ಯಾಂಗ ತಿಳೀತದ?"

ಆ ಮಾತಿನಲ್ಲಿ ನ್ಯಾಯವಿತ್ತು. "ನಡಿಯೋವಾಗ ಹಾಕ್ಕೊಳ್ಳಂಗಿಲ್ಲ ಅತ್ತಿ. ಬಸ್ಸಿನಾಗ, ಮನ್ಯಾಗ ಅಷ್ಟ."

"ಅಂಗಡ್ಯಾಗ ಏನಂತ ಹೇಳಿದಿ?"

"ಕಿವಿ ಕೇಳಸಂಗಿಲ್ಲ ಅಂತ ಹೇಳಿದೆ."

ಅವರ ಮುಖ ಬಿಗಿಯಿತು. "ಯಾರ್ಯಾರು ಇದ್ರು ಅಲ್ಲಿ? ಮನ್ಯಾಗ ಮದುವಿಗಿ ಬಂದ ಮಗಳದಾಳ. ತಾಯಿಗಿ ಹಿಂಗದ ಅಂದ್ರ ಮಗಳಿಗೂ ಅದ ಅಂತಾರ."

"ಜ್ವರದಾಗ ಹೋದ ಕಿವಿ ಮಗಳಿಗಿ ಬರಂಗಿಲ್ಲ. ಕೇಳಿದವರಿಗಿ ಹಂಗ ಹೇಳ್ರಿ. ಅದಕ್ಕ ಬ್ಯಾಡ ಅನ್ನೋ ಮನಿ ನಮಗೂ ಬ್ಯಾಡ."

ಗಂಡ ಪೇಪರಿನ ಹಿಂದಿನಿಂದ, "ಸಾವಕಾಶ ಮಾತಾಡ್ರಿ" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ನಾನು ಸಾವಕಾಶವಾಗಿಯೇ ಮಾತಾಡಿದ್ದೆ. ಅದೇ ಅತ್ತೆಗೆ ಹೆಚ್ಚು ಚುಚ್ಚಿತೆಂದು ಕಾಣುತ್ತದೆ.

ಸೋಮವಾರ ಫಾರ್ಮಸಿಸ್ಟ್‌ಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ಅಂದಿನಿಂದ ನನ್ನ ಎಡಗಡೆಯಿಂದ ಬಂದರೆ ಸುತ್ತಿಕೊಂಡು ಎದುರಿಗೆ ಬಂದು ಮಾತಾಡುತ್ತಾನೆ. ಕಿವಿ ಡಾಕ್ಟರಿಗೂ ತೋರಿಸಿದೆ. ಬಲಗಿವಿ ಗಟ್ಟಿಯಾಗಿದೆ, ದನಿ ಸಣ್ಣಗಿಟ್ಟುಕೊಳ್ಳಿ ಎಂದರು. ಅತ್ತೆಗೆ ಅದನ್ನು ಹೇಳಿದರೆ, "ಡಾಕ್ಟರಿಗೇನು, ಹೇಳ್ತಾರ" ಎಂದು ಒಳಗೆ ಹೋದರು. ಅವರು ಒಪ್ಪಿಲ್ಲ. ಒಪ್ಪಲೇಬೇಕೆಂದು ನಾನೂ ಕಾಯುತ್ತಿಲ್ಲ.

ಮೊನ್ನೆ ಕಮಲಾಪುರದಿಂದ ಬರುವಾಗ ಪಕ್ಕದಲ್ಲಿ ಬಾಳೆಗೊನೆಯೊಂದನ್ನು ಕಾಲಡಿ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಮೊಳಕೈಯಿಂದ ನನ್ನನ್ನು ತಿವಿದಳು. ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದೆ.

"ಆಗಿಂದ ಕರೀತೀನಿ. ಕೆಪ್ಪಿ ಅದೀಯೇನವ್ವ?"

ಮುಂದಿನ ಸೀಟಿನವರು ತಿರುಗಿದರು. "ಹೌದ್ರಿ, ಒಂದು ಕಿವಿ" ಎಂದೆ. "ಏನು ಬೇಕಾಗಿತ್ತು?"

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಿಟಕಿ ತೆರಿ ಅಂದೆ. ಜೀವ ಕುದೀತದ."

ಕಿಟಕಿ ತೆರೆದೆ. ಬಿಸಿಗಾಳಿ ರಪ್ಪನೆ ಒಳಬಂತು. ಹಾಡು ಅಷ್ಟು ಹೊತ್ತಿಗೆ ಅರ್ಧಕ್ಕೆ ಹೋಗಿತ್ತು. ಅರ್ಧದಿಂದ ಕೇಳುವ ಅಗತ್ಯ ನನಗಿರಲಿಲ್ಲ, ಮೊದಲಿನಿಂದ ಹಚ್ಚಿದೆ.