ಅಕ್ಕನ ಕುದುರೆಗೆ ಸರ್ಕಾರಿ ಸೂಜಿ

ಮಳೆಗಾಲದ ಮೊದಲಿಗೆ ಈ ಪೇಪರಿನ ಇದೇ ಜಾಗದಲ್ಲಿ ನಾನೊಂದು ಬುದ್ಧಿಮಾತು ಬರೆದಿದ್ದೆ. ನಿಮಗೆ ನೆನಪಿರಲಿಕ್ಕಿಲ್ಲ. (ನನ್ನ ಬುದ್ಧಿಮಾತು ಯಾರಿಗೆ ತಾನೇ ನೆನಪಿರುತ್ತದೆ?) ‘ಸರ್ರಾ ಬೇನೆ ಬರುವ ಮುಂಚೆಯೇ ಟಾಂಗಾದವರು ತಮ್ಮ ಕುದುರೆಗಳಿಗೆ ಇಂಜೆಕ್ಷನ್ ಹಾಕಿಸಬೇಕು’ ಎಂದು ಬರೆದು, ಪೆನ್ನು ಮುಚ್ಚಿ, ಹಾಯಾಗಿ ಮಲಗಿದ್ದೆ.

ಎಂಟೇ ದಿನ. ಬೀದರಿನ ಚಿದ್ರಿಯಲ್ಲಿರುವ ನನ್ನ ಮನೆ ಮುಂದೆ ಒಂದು ಟಾಂಗಾ ನಿಂತಿತು. ಇಳಿದವಳು ಭಾಲ್ಕಿಯ ನನ್ನ ಅಕ್ಕ ನೀಲಮ್ಮ. ಕೈಯಲ್ಲಿ ಮಡಿಸಿದ ಪೇಪರು.

“ಇದು ನೀನೇ ಬರದೀ ಹೌದಲ್ಲೋ ತಮ್ಮಾ?”

“ಹೌದಕ್ಕಾ.”

“ಹಂಗಾದ್ರ ನಡೀ. ಮುಂದ ನಿಂತು ಹಾಕ್ಸು.”

ಭಾವ ತೀರಿಕೊಂಡಾಗ ಅಕ್ಕನಿಗೆ ಉಳಿದದ್ದು ಈ ಟಾಂಗಾ ಮತ್ತು ಚಾಂದನಿ ಎಂಬ ಬಿಳಿ ಕುದುರೆ. ಭಾಲ್ಕಿ ಸ್ಟೇಷನ್ನಿನಿಂದ ಔರಾದ್ ದಾರಿಯ ಹಳ್ಳಿಗಳಿಗೆ ಮೈಬೂಸಾಬ್ ಟಾಂಗಾ ಹೊಡೆಯುತ್ತಾನೆ. ಎರಡು ಮನೆಗಳ ಒಲೆ ಉರಿಯುವುದು ಆ ಕುದುರೆಯಿಂದ. ಈಗ ಚಾಂದನಿ ಎಂಟು ತಿಂಗಳ ಗಬ್ಬ.

ಗಬ್ಬದ ಕುದುರೆಯ ವಿಷಯ ನಾನೆಲ್ಲಿ ಬರೆದಿದ್ದೆ? ಕುದುರೆ ಯಾವ ಕಡೆಯಿಂದ ಒದೆಯುತ್ತದೆ ಎಂಬುದಷ್ಟೇ ನನಗೆ ಗೊತ್ತು.

ಬೀದರಿನ ದನದ ದವಾಖಾನೆಯ ಡಾಕ್ಟರು ಹೈದರಾಬಾದಿನ ಹುಡುಗ. ಪ್ರಾಮಾಣಿಕ. ಕಚ್ಚುವ ದೊಡ್ಡ ನೊಣಗಳು ಒಂದು ಕುದುರೆಯಿಂದ ಇನ್ನೊಂದಕ್ಕೆ ಬೇನೆ ಒಯ್ಯುತ್ತವೆ, ಜ್ವರ ಬಂದು ಬಂದು ಹೋಗುತ್ತದೆ, ಮೈ ಕರಗುತ್ತದೆ, ಕೊನೆಗೆ ಹಿಂಗಾಲು ಬೀಳುತ್ತದೆ ಎಂದು ಬಿಡಿಸಿ ಹೇಳಿದರು. ಸೂಜಿ ಹಾಕಿದರೆ ಈ ಮಳೆಗಾಲ ದಾಟಬಹುದು. ಆದರೆ ಕಾಲು ಬಾತುಕೊಳ್ಳಬಹುದು, ಮರಿ ಹೋಗಲೂಬಹುದು. “ಗ್ಯಾರಂಟಿ ನಾ ಕೊಡೂದಿಲ್ರಿ” ಅಂದರು.

ಅಷ್ಟರಲ್ಲಿ ಅಲ್ಲಿದ್ದ ಟಾಂಗಾದವರೆಲ್ಲ ನಮ್ಮ ಸುತ್ತ ನೆರೆದಿದ್ದರು. “ನೊಣ, ಸೊಳ್ಳಿ ಕಚ್ಚಿ ಸಾಯೂದಿದ್ರ ನಾವೆಲ್ಲಾ ಎಂದೋ ಸಾಯ್ತಿದ್ದಿವ್ರಿ!” ಅಂದನೊಬ್ಬ. ಇನ್ನೊಬ್ಬ ದನಿ ತಗ್ಗಿಸಿ, “ಸೂಜಿ ಹಾಕಿದ ಕುದುರಿಗೋಳ ಲಿಸ್ಟ್ ಮಾಡ್ತಾರಂತ್ರಿ. ಆಮ್ಯಾಲ ಮಿಲಿಟರಿದವ್ರು ಬಂದು ಒಯ್ತಾರಂತ” ಅಂದ. ನಗಬೇಡಿ. ನಿಜಾಮನ ರಾಜ್ಯಕ್ಕೆ ಮಿಲಿಟರಿ ಬಂದು, ಲಿಸ್ಟ್ ಹಿಡಿದು ಜನರನ್ನು ಒಯ್ದ ಪೊಲೀಸ್ ಆ್ಯಕ್ಷನ್ ಆಗಿ ಎರಡೇ ವರ್ಷ. ಲಿಸ್ಟ್ ಎಂದರೆ ನಮ್ಮ ಕಡೆ ಇನ್ನೂ ಎದೆ ಧಸಕ್ಕೆನ್ನುತ್ತದೆ.

ಅಕ್ಕ ನನ್ನ ಕಡೆ ತಿರುಗಿದಳು. “ನೀ ಏನಂತೀ?”

“ಒಂದು ಕಡಿಯಿಂದ ನೋಡಿದ್ರ ಹಾಕ್ಸೂದು ಚಲೋ ಅಕ್ಕಾ. ಇನ್ನೊಂದು ಕಡಿಯಿಂದ ನೋಡಿದ್ರ...”

“ಪೇಪರ್‌ನಾಗ ಒಂದೇ ಕಡಿ ಇತ್ತಲ್ಲೋ!”

ಸುತ್ತಲಿದ್ದವರು ಗೊಳ್ಳೆಂದರು. ಅಕ್ಕ ನನ್ನನ್ನು ಅಲ್ಲಿಗೇ ಬಿಟ್ಟು ಮೈಬೂಸಾಬನನ್ನು ಕೇಳಿದಳು: “ಹೋದ ವರ್ಷ ಔರಾದ್ ಹಾದ್ಯಾಗ ಈ ಬ್ಯಾನಿಗೆ ಎಷ್ಟು ಕುದುರಿ ಬಿದ್ದುವು?”

“ನಾ ಕಂಡಿದ್ದೇ ನಾಕು ಅಕ್ಕಾ. ಒಂದೂ ಏಳಲಿಲ್ಲ.”

“ಸೂಜಿ ಹಾಕಿಸ್ಕೊಂಡು ಸತ್ತಿದ್ದು?”

“ಒಂದೂ ಕಂಡಿಲ್ಲ.”

ಅಕ್ಕ ಚಾಂದನಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. “ಹಾಕ್ರಿ ಡಾಕ್ಟರ್ ಸಾಬ್. ಏನರ ಆದ್ರ ನಾ ಅಳ್ತೇನಿ. ತಪ್ಪು ನಿಮ್ಮ ಮ್ಯಾಲ ಹಾಕೂದಿಲ್ಲ.”

ಲಗಾಮು ಹಿಡಿದವನು ನಾನು. ಕುದುರೆ ನಡುಗಲಿಲ್ಲ. ನಾನು ನಡುಗಿದೆ.

ಎರಡನೆಯ ದಿನ ಕಾಲು ಬಾತವು. ನಮ್ಮ ಅಂಗಳದ ಬೇವಿನ ಮರದ ಕೆಳಗೆ ಚಾಂದನಿ ಮೇವು ಮುಟ್ಟದೆ, ತಲೆ ತಗ್ಗಿಸಿ ನಿಂತಿತು. ಅಕ್ಕ, ಮೈಬೂಸಾಬ್ ಸರದಿಯ ಮೇಲೆ ಕಾಲಿಗೆ ತಣ್ಣೀರು ಹೊಯ್ದರು. ಅಕ್ಕ ನನಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಪೇಪರಿನಲ್ಲಿ ಒಂದು ಸಾಲು ಬರೆಯುವುದು ಎಷ್ಟು ಸುಲಭ, ಕಾಲು ಬಾತ ಕುದುರೆಯ ಮುಂದೆ ನಾಲ್ಕು ದಿನ ಕೂರುವುದು ಎಷ್ಟು ಕಷ್ಟ ಎಂದು ಗೊತ್ತಾಯಿತು.

ಐದನೆಯ ದಿನ ಬೆಳಿಗ್ಗೆ ಮೈಬೂಸಾಬ್ ಕೂಗಿದ: “ಅಕ್ಕಾ, ಮೇಯ್ಲಿಕತ್ತಾಳ! ಮೇಯ್ಲಿಕತ್ತಾಳ!”

ಓಡಿ ಬಂದು ನೋಡಿದರೆ, ಹಗ್ಗ ಬಿಚ್ಚಿಕೊಂಡ ಚಾಂದನಿ ನನ್ನ ಹೆಂಡತಿ ಬೆಳೆಸಿದ ಮೆಂತ್ಯೆಯ ಮಡಿಯನ್ನು ಪೂರಾ ಖಾಲಿ ಮಾಡಿತ್ತು. ಕಳ್ಳತನಕ್ಕೆ ಅಷ್ಟು ಖುಷಿಪಟ್ಟ ಮನೆ ಬೀದರಿನಲ್ಲಿ ಇನ್ನೊಂದಿರಲಿಕ್ಕಿಲ್ಲ. ನನ್ನ ಹೆಂಡತಿಯೇ ಉಳಿದ ನಾಲ್ಕು ಎಳೆ ಕಿತ್ತು ಅದರ ಬಾಯಿಗಿಟ್ಟಳು.

ಮಳೆ ಜೋರಾಯಿತು. ಕಮಠಾಣ, ಮನ್ನಳ್ಳಿ ಕಡೆ ಕುದುರೆಗಳು ಬಿದ್ದ ಸುದ್ದಿ ಬಂತು. ಭಾಲ್ಕಿಯಲ್ಲೂ ಬಿದ್ದವು. ಚಾಂದನಿಗೆ ನೊಣ ಕಚ್ಚಲಿಲ್ಲವೇ? ಕಚ್ಚಿದವು. ಜ್ವರ ಮಾತ್ರ ಬರಲಿಲ್ಲ. ಮಳೆ ಹಿಂದೆ ಸರಿದ ಮೇಲೆ ಕರ್ರಗಿನ ಗಂಡು ಮರಿ ಹಾಕಿತು. ಹುಟ್ಟಿದ ದಿನವೇ ಎದ್ದು ಮೈಬೂಸಾಬನ ಟೋಪಿ ಎಳೆಯಿತಂತೆ.

ಹೋದ ವಾರ ಭಾಲ್ಕಿಯಲ್ಲೇ ಇಂಜೆಕ್ಷನ್ ಕ್ಯಾಂಪ್ ಆಯಿತು. ನಾನೂ ಹೋಗಿದ್ದೆ. ಸೂಜಿಗೆ ಹೆದರಿದ್ದ ಊರಿನ ಟಾಂಗಾಗಳೆಲ್ಲ ಸಾಲಾಗಿ ನಿಂತಿದ್ದವು. ಸಾಲಿನ ತಲೆಗೆ ಅಕ್ಕ, ಚಾಂದನಿ, ಅದರ ಹಿಂದೆ ಜಿಗಿಯುವ ಮರಿ. ಯಾರಾದರೂ ಹಿಂಜರಿದರೆ ಅಕ್ಕ ಮರಿಯ ಕಡೆ ಕೈ ತೋರಿಸುತ್ತಿದ್ದಳು. “ಮಾತ್ಯಾಕ ಬೇಕ್ರಿ? ಇದನ್ನ ನೋಡ್ರಿ.”

ರಿಜಿಸ್ಟರ್ ಹಿಡಿದು ಕೂತಿದ್ದ ಗುಮಾಸ್ತ ಕೇಳಿದ: “ಮಾಲಕರು ಯಾರು? ಗಂಡಸರ ಹೆಸರ ಹೇಳ್ರಿ.”

“ಕುದುರಿ ನಂದು. ಹಾಕ್ಸು ಅಂದಾಕಿ ನಾನು. ನೀಲಮ್ಮ ಅಂತ ಬರೀರಿ.”

ಅವನ ಪೆನ್ನು ಗಾಳಿಯಲ್ಲೇ ನಿಂತಿತು. ಅಕ್ಕನ ಮುಖ ನೋಡಿದ, ನನ್ನ ಮುಖ ನೋಡಿದ, ಡಾಕ್ಟರ ಮುಖ ನೋಡಿದ. ಡಾಕ್ಟರು ತಲೆಯಾಡಿಸಿದರು. ಬರೆದ. ಹಿಂದಿನ ಸಾಲಿನಿಂದ ಎದ್ದ ಶಾಬಾಸ್‌ಗಿರಿಗೆ ಕುದುರೆಗಳೇ ಬೆಚ್ಚಿದವು.

ಕುದುರೆಗೆ ಸೂಜಿ ಹಾಕಲು ಡಾಕ್ಟರಿಗೆ ಎರಡು ನಿಮಿಷ ಸಾಕಾಯಿತು. ಹೆಂಗಸಿನ ಹೆಸರು ಬರೆಯಲು ಸರ್ಕಾರಕ್ಕೆ ಯಾಕೆ ಅಷ್ಟು ಹೊತ್ತು ಬೇಕು?