ಬೋನಿನೊಳಗೆ ಅಪ್ಪ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕದ ಊರು ನಮ್ಮದು. ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ಆ ವರ್ಷಗಳಲ್ಲಿ ಬೇವು, ಆಲ, ಮನೆಯ ಮಾಳಿಗೆ, ಒಣಹಾಕಿದ ಅಪ್ಪನ ಬಿಳಿ ಧೋತರ ಎಲ್ಲವೂ ಒಂದೇ ಕೆಂಪು. ದೂಳು ಕೂತ ಸೊಪ್ಪನ್ನು ಆಡುಗಳು ಮೂಸಿ ಬಿಟ್ಟುಬಿಡುತ್ತಿದ್ದವು. ಹಾಗಾಗಿ ರಸ್ತೆ ಬದಿಯ ಮನೆಗಳಲ್ಲಿ ಸೊಪ್ಪು ತೊಳೆದು ಹಾಕುವ ಪದ್ಧತಿ ಬಂತು. ಅವ್ವ ಆಲದ ಟೊಂಗೆಗಳನ್ನು ಕೊಡದ ನೀರಿನಲ್ಲಿ ಅದ್ದಿ, ಜಾಡಿಸಿ, ನೆರಳಿಗೆ ತೂಗುಹಾಕುತ್ತಿದ್ದಳು. ನಮ್ಮ ತಲೆಗೂದಲಿಗೂ ಸಿಗದ ಆರೈಕೆ ಆಡಿನ ಸೊಪ್ಪಿಗೆ ಸಿಗುತ್ತದೆ ಎಂದು ನಾನು ರೇಗಿಸುತ್ತಿದ್ದೆ.

ಆದರೆ ಆ ಆಡಿಲ್ಲದೆ ನಮಗೆ ಗತಿಯಿರಲಿಲ್ಲ. ಅತ್ತಿಗೆಗೆ ಹೆರಿಗೆಯಾಗಿತ್ತು, ಎದೆಹಾಲು ಮಾತ್ರ ಇಳಿಯಲೇ ಇಲ್ಲ. ಮೆಂತ್ಯ, ಬೆಳ್ಳುಳ್ಳಿ, ಹರಕೆ, ಆಸ್ಪತ್ರೆ ಎಲ್ಲ ಆಯಿತು. ಕೊನೆಗೆ ಅಣ್ಣನ ಕೂಸು ಆಡಿನ ಹಾಲಿಗೆ ಒಗ್ಗಿತು. ಆಡಿಗೆ ಎರಡು ಮರಿ. ಮರಿ ಬಂದು ಮೂತಿಯಿಂದ ಗುದ್ದಿದರಷ್ಟೇ ಅದು ಹಾಲು ಬಿಡುತ್ತಿತ್ತು. ಆ ಎರಡರಲ್ಲಿ ಒಂದನ್ನು ಚಿರತೆ ಒಯ್ದಿತು. ಉಳಿದದ್ದು ಒಂದು ಕರಿ ಮರಿ.

ಗಣಿಯಲ್ಲಿ ಮದ್ದು ಸಿಡಿಸಲು ಶುರುವಾದ ಮೇಲೆ ಗುಡ್ಡದ ಮೇಲಿನ ಜೀವಗಳೆಲ್ಲ ಕೆಳಗಿಳಿದಿದ್ದವು. ಸಿಕ್ಕಿದ್ದೆಲ್ಲ ತಿನ್ನುವ ಕಾಡುಹಂದಿಗಳು ಬಂದು ನಮ್ಮ ಶೇಂಗಾ ಹೊಲ ಅಗೆದವು. ಹಂದಿಗಳ ಬೆನ್ನಿಗೆ ಚಿರತೆಯೂ ಬಂತು. ಊರವರು ಅರಣ್ಯದವರಿಗೆ ಹೇಳಿ ಬೋನು ತರಿಸಿದರು. ಒಳಗೆ ಕಟ್ಟಲು ಮರಿಯೊಂದು ಬೇಕಿತ್ತು. ಕೇಳಿದ್ದೇ ತಡ, ಊರಿನ ಎಲ್ಲ ಮರಿಗಳೂ ಒಂದೇ ಸಂಜೆಯಲ್ಲಿ ಒಬ್ಬೊಬ್ಬ ದೇವರಿಗೆ ಬಿಟ್ಟವಾಗಿಹೋದವು. ಒಬ್ಬರದು ಹುಲಿಗಿ ದೇವಿಗೆ, ಇನ್ನೊಬ್ಬರದು ಮೈಲಾರಕ್ಕೆ. ಲಿಂಗ ಕಟ್ಟಿಕೊಂಡ ನಮ್ಮಪ್ಪನಿಗೆ ಅಂಥ ಸುಳ್ಳು ಹೇಳಲು ದೇವರೂ ಸಿಗಲಿಲ್ಲ. ನಮ್ಮದನ್ನು ಒಯ್ಯಿರಿ ಎಂದುಬಿಟ್ಟರು. ಮರಿಗೆ ಹಿಂದೆ ಬೇರೆ ಗೂಡಿದೆ, ನಡುವೆ ಸರಳಿದೆ, ಚಿರತೆಯ ಪಂಜ ತಾಗುವುದಿಲ್ಲ ಎಂದು ಅವ್ವನಿಗೆ ಸಮಾಧಾನ ಹೇಳಿದರು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಅವ್ವ. "ಅದು ಅಂಜಿ ಸತ್ರ ಕೂಸಿಗೆ ಏನು ಕುಡಿಸ್ತೀರಿ? ನಿಮ್ಮ ದೊಡ್ಡಸ್ತಿಕಿನಾ?"

ನನಗೂ ಮೈಯೆಲ್ಲ ಉರಿಯಿತು. ಮೊಟ್ಟೆಯನ್ನೂ ಮುಟ್ಟದ ಮನೆಯವರು ಚಿರತೆಗೆ ಎಡೆ ಇಡಲು ಹೊರಟಿದ್ದೆವು.

ಮರುದಿನ ಇಳಿಹೊತ್ತಿನಲ್ಲಿ ಅಪ್ಪ ತೊಳೆದ ಸೊಪ್ಪಿನ ಕಟ್ಟು ಹಿಡಿದು ಸೈಕಲ್ ಹತ್ತಿದರು. ಬೋನಿನವರು ಹಾಕಿದ ಕೆಂಪು ಸೊಪ್ಪನ್ನು ಮರಿ ಮುಟ್ಟಿಲ್ಲವಂತೆ. ಹಿಂದೆ ನಾನು ಕೂತಿದ್ದೆ. ಬೋನು ನಮ್ಮ ಶೇಂಗಾ ಹೊಲದಾಚೆ, ಗುಡ್ಡದ ಬುಡದಲ್ಲಿ. ನನ್ನನ್ನು ರಸ್ತೆಯಲ್ಲೇ ನಿಲ್ಲಿಸಿ ಅಪ್ಪ ಬದುವಿನ ಮೇಲೆ ನಡೆದರು. ಗೂಡಿನ ಸುತ್ತ ಜಾಲಿ ಮುಳ್ಳು ಒಟ್ಟಿದ್ದರು, ಅದರ ಬಾಗಿಲಿಗೆ ಬೀಗ. ಸೊಪ್ಪು ಕೊಡಲು ಉಳಿದಿದ್ದು ಒಂದೇ ದಾರಿ, ಚಿರತೆಯದು. ಅಪ್ಪ ಬಗ್ಗಿ ಮುಂದಿನ ಬಾಗಿಲಿನಿಂದ ಒಳಗೆ ಹೋದರು. ತುಳಿದರೆ ಬಾಗಿಲು ಬೀಳಿಸುವ ಹಲಗೆಯ ಮೇಲೆ ಕಾಲು ಬಿದ್ದಿರಬೇಕು. ಧಡ್ ಎಂದು ಬಾಗಿಲು ಇಳಿಯಿತು.

ನನಗೆ ಮೊದಲು ಬಂದದ್ದು ನಗು. ಸಿಕ್ಕಿಬಿದ್ದಿತು ನಮ್ಮೂರ ಚಿರತೆ, ವಿಭೂತಿ ಸಮೇತ! ಆ ನಗು ಬಾಯಲ್ಲೇ ಉಳಿಯಿತು. ಬೋನಿನ ಆಚೆ ಬಂಡೆಯೊಂದರ ಮೇಲೆ ನಿಜವಾದ ಚಿರತೆ ನಿಂತಿತ್ತು.

ಲಾರಿಗಳೆಬ್ಬಿಸಿದ ದೂಳು ಹೊಲದ ಮೇಲೆ ತೇಲುತ್ತಿತ್ತು. ಅದರೊಳಗೆ ಇಳಿಬಿಸಿಲು ಬಿದ್ದು ಗುಡ್ಡ, ಬೋನು, ಬದು ಎಲ್ಲವೂ ನೀರಿನಡಿ ಇದ್ದ ಹಾಗೆ ಕಂಡವು. ಚಿರತೆ ಬಂಡೆಯಿಂದ ಇಳಿದ ಸದ್ದೂ ಆಗಲಿಲ್ಲ. ಬೋನಿನ ಮುಂದೆ ಬಂದು ಕೂತಿತು. ಒಳಗೆ ಅಪ್ಪ ಕೂತಿದ್ದರು. ಅಪ್ಪನ ಬೆನ್ನ ಹಿಂದೆ ಮರಿ. ನಾನು ಸೈಕಲ್ ಹಿಡಿದು ನಿಂತಲ್ಲೇ ನಿಂತೆ. ಎಷ್ಟು ಹೊತ್ತು ಹಾಗಿದ್ದರೋ, ಈಗಲೂ ನೆನೆದರೆ ಆ ಸಂಜೆ ಮುಗಿಯುವುದೇ ಇಲ್ಲ. ಚೀರುತ್ತಿದ್ದ ಮರಿ ಸುಮ್ಮನಾಯಿತು. ಅಪ್ಪ ಚಿರತೆಯಿಂದ ಕಣ್ಣು ಕೀಳದೆ ಕೈಯನ್ನಷ್ಟೇ ಸರಳಿನ ಸಂದಿಯಿಂದ ಹಿಂದಕ್ಕೆ ಚಾಚಿದರು. ಮರಿ ಆ ಕೈಯಿಂದ ಸೊಪ್ಪು ತಿನ್ನತೊಡಗಿತು. ಆಮೇಲೆ ಶೇಂಗಾ ಹೊಲದ ಕೊನೆಯಲ್ಲಿ ಹಂದಿಗಳು ಗುರುಗುಟ್ಟಿದವು. ಚಿರತೆ ಕಿವಿ ತಿರುಗಿಸಿತು, ಎದ್ದಿತು, ಬೋನಿಗೆ ಬೆನ್ನು ಹಾಕಿ ಆ ಕಡೆ ಹೋಯಿತು.

ಆಗ ನಾನು ಸೈಕಲ್ ಬಿಟ್ಟು ಓಡಿದೆ. ಲಾರಿಯೊಂದಕ್ಕೆ ಅಡ್ಡ ನಿಂತು ಕೂಗಾಡಿದೆ. ಡ್ರೈವರ್ ಊರಿಗೆ ಸುದ್ದಿ ಮುಟ್ಟಿಸಿದ. ಬೀಗದ ಕೈ ಇಟ್ಟುಕೊಂಡಿದ್ದ ಗಾರ್ಡ್ ಬಂದ, ಅವನ ಹಿಂದೆ ಊರ ಹಿರಿಯರು ಬಂದರು, ಅಪ್ಪನನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ನಕ್ಕು ಸಾಕಾದ ಮೇಲೆ ಒಬ್ಬ ಹಿರಿಯರು ಚಿರತೆಯೇನಾದರೂ ಈ ಕಡೆ ಸುಳಿಯಿತೇ ಎಂದು ಕೇಳಿದರು.

"ಇಲ್ರಿ," ಎಂದರು ಅಪ್ಪ. "ಇದು ಅದರ ದಾರಿನೇ ಅಲ್ಲ ಅನಸ್ತದ."

ನಾನು ಅಪ್ಪನ ಮುಖ ನೋಡಿದೆ. ದೇವರ ಹೆಸರಿನಲ್ಲಿ ಒಂದು ಸುಳ್ಳು ಹೇಳಿ ಮರಿ ಉಳಿಸಿಕೊಳ್ಳಲಾಗದ ಮನುಷ್ಯ ಕಣ್ಣು ಮಿಟುಕಿಸದೆ ಹೇಳಿದ್ದರು. ಗೂಡಿನ ಬೀಗ ತೆಗೆಸಿ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಸೈಕಲ್ ತಳ್ಳುತ್ತ ಮನೆಗೆ ನಡೆದರು.

ಮರಿ ಓಡಿಹೋಗಿ ತಾಯಿಯನ್ನು ಗುದ್ದಿತು. ಆಡು ಹಾಲು ಬಿಟ್ಟಿತು. ಅವ್ವ ಕರೆದು, ಕಾಸಿ, ಆರಿಸಿ ಅತ್ತಿಗೆಯ ಕೈಗೆ ಕೊಟ್ಟಳು. ಅತ್ತಿಗೆ ಗೋಡೆಗೆ ಒರಗಿ ಒಳಲೆಯಿಂದ ಕೂಸಿಗೆ ಕುಡಿಸುತ್ತಿದ್ದಳು. ನಾನು ತಡೆಯಲಾಗದೆ ನಡೆದದ್ದೆಲ್ಲ ಒದರಿಬಿಟ್ಟೆ. ಅವ್ವ ಅಪ್ಪನ ಕಡೆ ತಿರುಗಿದಳು. ಎದುರಿಗೇ ಬಂದು ಕೂತದ್ದನ್ನು ಇಲ್ಲವೆಂದದ್ದು ಯಾಕೆ, ನಾಳೆ ಅದು ಇದೇ ಹಿತ್ತಿಲಿಗೆ ಬಂದರೆ ಏನು ಗತಿ ಎಂದು ಕೇಳಿದಳು.

ಅಪ್ಪ ಕೈಯಲ್ಲಿ ಉಳಿದಿದ್ದ ಒಂದು ಆಲದ ಎಲೆಯನ್ನು ಆಡಿನ ಮುಂದೆ ಇಟ್ಟರು.

"ಭಾಳ ಹತ್ರದಿಂದ ನೋಡೀನಿ," ಎಂದರು. "ಕಣ್ಣಾಗ ಸಿಟ್ಟಿರಲಿಲ್ಲ, ಹಸಿವಿತ್ತು. ಮೊಲಿ ಜೋತು ಬಿದ್ದಿದ್ವು. ಬಾಣಂತಿ ಅದು."

ಅತ್ತಿಗೆಯ ಕೈ ನಿಂತಿತು. ಖಾಲಿ ಒಳಲೆಯನ್ನೇ ಕೂಸು ಚೀಪುತ್ತಿತ್ತು. ಮಾವನೆದುರು ಎಂದೂ ತಲೆಯೆತ್ತಿ ಮಾತಾಡದ ಅತ್ತಿಗೆ ಅಂದು ಮಾತಾಡಿದಳು.

"ಬೋನು ತೆಗಿಸಿಬಿಡ್ರಿ ಮಾವಾರೆ," ಎಂದಳು. "ಅದಕ್ಕಾದ್ರೂ ಹಾಲು ಇಳೀಲಿ."