ನೆಲ ಡೊಂಕೇ ಇತ್ತು

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ವಾಹನಕ್ಕೆ ಪೇಂಟ್ ಹೊಡೆಯಬಾರದು ಎಂಬುದು ನಮ್ಮ ಕಡೆ ಶಾಸ್ತ್ರವೇ ಆಗಿಬಿಟ್ಟಿದೆ. ಆ ಜಡಿಮಳೆಗೆ ಕುಂಬ್ರದ ಸುತ್ತಿನ ಪೇಂಟಿಂಗ್ ಶೆಡ್ಡುಗಳೆಲ್ಲ ಬಾಗಿಲು ಹಾಕಿಕೊಳ್ಳುತ್ತವೆ. ನಾನು ಹಾಕಲಿಲ್ಲ. ಅಪ್ಪನ ನಂತರ ಶೆಡ್ಡು ನನ್ನ ಕೈಗೆ ಬಂದ ಮೊದಲ ಮಳೆಗಾಲ ಅದು. ಸ್ಪ್ರೇ ಗನ್ ಹಿಡಿದ ಹೆಂಗಸನ್ನು ನೋಡಿ ನಗಲಿಕ್ಕೆ ಕಾದವರು ಬೇಕಾದಷ್ಟಿದ್ದರು. ಬಾಗಿಲು ಹಾಕಿದ್ದರೆ ಓಡಿದಳು ಅನ್ನುತ್ತಿದ್ದರು.

ಆಲಂಕಾರು ಊರಿನವರೊಬ್ಬರು ಜೀಪು ತಂದರು. ಬಾನೆಟ್ಟಿಗೆ ಕಪ್ಪು ಹೊಡೆದೆ. ಒಣಗುತ್ತಿದ್ದಂತೆ ಬೂದಿ ಬಳಿದ ಹಾಗೆ ಬೆಳ್ಳಗಾಯಿತು. ಗಾಳಿಯ ತೇವದಿಂದ ಹಾಗಾಗಿದೆ ಎಂದೆ.

ಅವರು ನಕ್ಕರು. "ಕುಣಿಯಲು ಬಾರದವಳಿಗೆ ನೆಲ ಡೊಂಕು. ನಿಮ್ಮಿಂದ ಆಗುದಿಲ್ಲ ಅಂತ ಹೇಳಿ ಮಾರಾಯ್ರೆ, ದರ್ಬೆ ಪೇಟೆಯ ಶೆಡ್ಡಿಗೆ ಕೊಂಡೋಗ್ತೇನೆ."

ಮೈ ಉರಿದುಹೋಯಿತು. ಜೀಪು ದರ್ಬೆಗೆ ಹೋದರೆ ಸುದ್ದಿಯೂ ಜೊತೆಗೆ ಹೋಗುತ್ತದೆ, ಆಮೇಲೆ ನನ್ನ ಶೆಡ್ಡಿಗೆ ನೊಣವೂ ಬರುವುದಿಲ್ಲ.

"ನಾಳೆ ಬನ್ನಿ. ಎಷ್ಟೇ ಮಳೆ ಇರಲಿ, ನಿಮ್ಮೆದುರೇ ಹೊಡೀತೇನೆ," ಎಂದೆ.

ಮರುದಿನ ಮಳೆ ಕೊಡದಲ್ಲಿ ಹೊಯ್ದ ಹಾಗೆ ಬಂತು. ಅವರೂ ಬಂದರು. ಬಾನೆಟ್ಟನ್ನು ಉಜ್ಜಿ ಇಟ್ಟಿದ್ದೆ. ಮೊದಲು ಕಂಪ್ರೆಸರ್ ಟ್ಯಾಂಕಿನ ಅಡಿಯ ನಲ್ಲಿ ತಿರುಗಿಸಿದೆ. ಭುಸ್ಸೆಂದು ನೀರು ಹಾರಿ ಅವರ ಚಪ್ಪಲಿ ಒದ್ದೆಯಾಯಿತು.

"ಗಾಳಿ ಟ್ಯಾಂಕಿಗೆ ನೀರು ಹಾಕಿದ್ದು ಯಾರು?"

"ಯಾರೂ ಅಲ್ಲ. ಇಷ್ಟು ಗಾಳಿಯನ್ನು ಒತ್ತಿ ಒತ್ತಿ ಸಣ್ಣ ಜಾಗದಲ್ಲಿ ತುಂಬಿಸಿದ್ದು. ಒತ್ತುವಾಗ ಬಿಸಿಯಾಗ್ತದೆ, ಆಗ ತೇವ ಆವಿಯಾಗಿಯೇ ಇರ್ತದೆ. ತಣಿದ ಮೇಲೆ ಅಷ್ಟು ತೇವಕ್ಕೆ ಗಾಳಿಯಲ್ಲಿ ಜಾಗ ಇಲ್ಲ, ನೀರಾಗಿ ಕೆಳಗೆ ಇಳೀತದೆ. ತಗಡಿನ ಮೇಲೂ ಅದೇ ಕಥೆ. ಪೇಂಟಿಗೆ ಬೆರೆಸಿದ ಥಿನ್ನರ್ ಆವಿಯಾಗಿ ಹಾರುವಾಗ ತಗಡು ತಣ್ಣಗಾಗ್ತದೆ, ಅದಕ್ಕೆ ತಾಗಿದ ಗಾಳಿ ತೇವವನ್ನು ಪೇಂಟಿನ ಮೇಲೆಯೇ ಬಿಡ್ತದೆ. ಗನ್ ಹಿಡಿದದ್ದು ಗಂಡಸಾ ಹೆಂಗಸಾ ಅಂತ ಅದಕ್ಕೆಂತ ಗೊತ್ತು?"

ದೊಡ್ಡ ಲೈಟು ಹಚ್ಚಿ ಶೆಡ್ಡನ್ನೂ ಬಾನೆಟ್ಟನ್ನೂ ಬೆಚ್ಚಗೆ ಮಾಡಿದೆ. ಗಾಳಿ ಬೆಚ್ಚಗಿದ್ದಷ್ಟೂ ತೇವವನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಲೈಟು ಆರಿಸಿ, ನಿಧಾನ ಒಣಗುವ ಥಿನ್ನರ್ ಬೆರೆಸಿ, ತೆಳುವಾಗಿ ಹೊಡೆದೆ. ಒಂದು ಪದರ ಒಣಗುವವರೆಗೆ ಇನ್ನೊಂದಕ್ಕೆ ಕೈ ಹಾಕಲಿಲ್ಲ.

ಕಪ್ಪು ಕಪ್ಪಾಗಿಯೇ ಉಳಿಯಿತು. ಅವರು ಬಗ್ಗಿ ನೋಡಿದರು. ಮೀಸೆಯ ಒಂದೊಂದು ಕೂದಲೂ ಅದರಲ್ಲಿ ಕಾಣುತ್ತಿತ್ತು.

"ಹಾಗಾದ್ರೆ ಈಗ ನೆಲ ಸರಿಯಾಯ್ತು," ಎಂದರು.

ಹೊರಗೆ ಶೆಡ್ಡಿನ ಮಾಡಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಅತ್ತ ಕೈ ತೋರಿಸಿದೆ.

"ನೆಲ ಇನ್ನೂ ಡೊಂಕೇ ಉಂಟು. ಕುಣಿದದ್ದು ನಾನು."